ಶಿಕ್ಷಣವೂ ಶಿಕ್ಷೆಯೂ

ಶಿಕ್ಷಣ ಮತ್ತು ಶಿಕ್ಷೆ ಎಂಬೆರಡು ಪದಗಳು ಒಂದೇ ಧಾತುವಿನಿಂದ ಹುಟ್ಟಿದವು. ಸಂಸ್ಕೃತದ 'ಶಿಕ್ಷ್' ಎಂಬುದಕ್ಕೆ ಕಲಿ ಎಂದರ್ಥ. ಶಕ್ತನಾಗು ಎಂಬರ್ಥದ 'ಶಕ್' ಧಾತುವಿನ ಇಚ್ಛಾರ್ಥಕ ರೂಪವೇ ಇದೆಂದು ಭಾಷಾಶಾಸ್ತ್ರಜ್ಞರು ವಿವರಿಸುತ್ತಾರೆ. ಆದಕಾರಣ ಶಿಕ್ಷೆಯೆಂದರೆ ಮೂಲತಃ ಶಕ್ತನಾಗಬೇಕೆಂಬ ಬಯಕೆ. ಆರು ವೇದಾಂಗಗಳಲ್ಲಿ ಒಂದಾದ ಶಿಕ್ಷೆಯು ಉಚ್ಚಾರಣೆಯನ್ನು ಕಲಿಸುವ ಶಾಸ್ತ್ರ. ತೈತ್ತಿರೀಯೋಪನಿಷತ್ತಿನ ಶೀಕ್ಷಾವಲ್ಲಿಯೂ ಈ ಅರ್ಥದಿಂದಲೇ ಆ ಹೆಸರನ್ನು ಪಡೆದಿದೆ. ಇಂತಹ ಪದವು ಕನ್ನಡದ ಬಳಕೆಯಲ್ಲಿ ಅರ್ಥಸಂಕೋಚವನ್ನು ಹೊಂದಿ, ಇಂದು ದಂಡನೆ ಎಂಬಲ್ಲಿಗೆ ಬಂದು ನಿಂತಿದೆ. ಕಲಿಸುವುದೂ ಹೊಡೆಯುವುದೂ ನಮ್ಮ ಜನರ ಮನಸ್ಸಿನಲ್ಲಿ ಎಷ್ಟು ಹತ್ತಿರದವು ಎಂಬುದಕ್ಕೆ ಈ ಒಂದು ಪದವೇ ಸಾಕ್ಷಿ.

ದಾವಣಗೆರೆಯ ಉಪಾಧ್ಯಾಯರಿಗೆ ಚಿರಪರಿಚಿತವಾದ ಒಂದು ಮಾತುಂಟು. ಮಗನನ್ನು ಶಾಲೆಗೆ ಸೇರಿಸಲು ಬಂದ ತಂದೆ, "ಕಣ್ಣೆರಡು ಬಿಟ್ಟು ಎಲ್ಲಿ ಬೇಕಾದ್ರೂ ಹೊಡೀರಿ ಮೇಷ್ಟ್ರೇ, ನಮ್ಮ ಹುಡುಗ ಒಟ್ನಲ್ಲಿ ಓದ್ಬೇಕು" ಎಂದು ಕೈ ಮುಗಿಯುತ್ತಿದ್ದನು. ಈ ಮಾತಿನಲ್ಲಿ ಕ್ರೌರ್ಯವಿರಲಿಲ್ಲ. ಹತ್ತಿ ಗಿರಣಿಗಳಲ್ಲಿಯೋ ಮಂಡಿಯಲ್ಲಿಯೋ ದುಡಿದು ಬೆನ್ನು ಬಾಗಿದವನು, ತನ್ನ ಬಾಳು ಮಗನಿಗೆ ಬಾರದಿರಲೆಂದು ಹಂಬಲಿಸಿ ಆಡಿದ ಮಾತು ಅದು. ಆದರೆ ಆ ಹಂಬಲವು ಬೆತ್ತದ ರೂಪದಲ್ಲಿ ನಮ್ಮ ಕೈಗೆ ಬಂದುದೇ ದೋಷ.

ಆ ದೋಷದಲ್ಲಿ ನಾನೂ ಪಾಲುಗಾರ. ದಾವಣಗೆರೆ ಪ್ರತ್ಯೇಕ ಜಿಲ್ಲೆಯಾದುದು 1997ರಲ್ಲಿ. ಅದರ ಆಸುಪಾಸಿನಲ್ಲಿ ನಾನು ಹೊಸದಾಗಿ ಸೇವೆಗೆ ಸೇರಿದ್ದೆ. ತರಗತಿಯ ಒಬ್ಬ ಹುಡುಗ ದಿನವೂ ತಡವಾಗಿ ಬರುತ್ತಿದ್ದನು, ಬಂದವನು ತೂಕಡಿಸುತ್ತಿದ್ದನು. ಒಂದು ದಿನ ಕೈ ನೀಡೆಂದು ಹೇಳಿ ಅಂಗೈಗೆ ಬೆತ್ತದಿಂದ ಹೊಡೆದೆ. ಅವನು ಅಳಲಿಲ್ಲ, ಆ ಕೈಯನ್ನು ಹಿಂದಕ್ಕೆಳೆದುಕೊಂಡು ಇನ್ನೊಂದನ್ನು ಮುಂದೆ ಚಾಚಿದನು. ಆಗ ನೋಡಿದೆ: ಎರಡು ಕೈಗಳಲ್ಲಿಯೂ ಬೊಬ್ಬೆಗಳಿದ್ದವು. ನಸುಕಿಗೆ ಎದ್ದು ಮಂಡಕ್ಕಿ ಭಟ್ಟಿಗೆ ಹೋಗಿ, ಕಾದ ಮರಳಿನಲ್ಲಿ ಹುರಿದ ಮಂಡಕ್ಕಿಯನ್ನು ಜರಡಿ ಹಿಡಿಯುತ್ತಿದ್ದನಂತೆ. ತಂದೆಯ ಕೆಲಸ ಹೋಗಿತ್ತು. ಇಷ್ಟನ್ನು ತಿಳಿಯಲು ನನಗೆ ಬೇಕಾಗಿದ್ದುದು "ಏಕೆ ತಡವಾಯಿತಪ್ಪಾ?" ಎಂಬ ಒಂದೇ ಮಾತು. ತಿಂಗಳುಗಟ್ಟಲೆ ಅದನ್ನು ನಾನು ಕೇಳಿರಲಿಲ್ಲ. ಮುಂದಿನ ವರ್ಷ ಅವನು ಶಾಲೆಗೆ ಬರಲಿಲ್ಲ. ವ್ಯಾಕರಣವನ್ನು ಗುರುಮುಖದಿಂದ ಓದಿದ ನಾನು ಶಿಕ್ಷೆಯೆಂಬ ಪದದ ಅರ್ಥವನ್ನು ಅರಿತುದು ಅಂದೇ.

2009ರ ಶಿಕ್ಷಣ ಹಕ್ಕು ಕಾಯಿದೆಯು 2010ರ ಏಪ್ರಿಲ್ 1ರಿಂದ ಜಾರಿಗೆ ಬಂದಿತು. ಅದರ 17ನೆಯ ಕಲಮು ಮಗುವಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ಕೊಡಕೂಡದೆಂದು ನಿಷೇಧಿಸುತ್ತದೆ. ಇದನ್ನು ಉಪಾಧ್ಯಾಯರೆಲ್ಲರೂ ಬಲ್ಲರು. ಅದೇ ಕಾಯಿದೆಯ 24ನೆಯ ಕಲಮನ್ನು ಬಲ್ಲವರು ಕಡಿಮೆ. ತಂದೆತಾಯಿಗಳನ್ನು ನಿಯತವಾಗಿ ಭೇಟಿಮಾಡಿ, ಮಗುವಿನ ಹಾಜರಾತಿ, ಕಲಿಯುವ ಸಾಮರ್ಥ್ಯ, ಕಲಿಕೆಯ ಪ್ರಗತಿ ಇವುಗಳನ್ನು ತಿಳಿಸುವುದು ಉಪಾಧ್ಯಾಯರ ಕರ್ತವ್ಯವೆಂದು ಅದು ವಿಧಿಸುತ್ತದೆ. ಒಂದು ಕಲಮು ಬೆತ್ತವನ್ನು ಕಸಿದುಕೊಂಡರೆ, ಇನ್ನೊಂದು ಮಾತುಕತೆಯನ್ನು ಕೈಗಿತ್ತಿದೆ. ನಾವು ಮೊದಲನೆಯದನ್ನು ಒಪ್ಪಿ ಎರಡನೆಯದನ್ನು ಮರೆತೆವು.

ಪರಿಣಾಮವಾಗಿ ಬೆತ್ತವಿದ್ದ ಜಾಗದಲ್ಲಿ ಈಗ ಮೌನ ಬಂದು ಕುಳಿತಿದೆ. "ಹೊಡೆಯುವಂತಿಲ್ಲ, ಬೈಯುವಂತಿಲ್ಲ, ನಮಗೇಕೆ ಬೇಕು?" ಎಂಬ ಮಾತು ಉಪಾಧ್ಯಾಯರ ಕೊಠಡಿಯಲ್ಲಿ ಕೇಳಿಬರುತ್ತದೆ. "ಶುಲ್ಕ ಕಟ್ಟಿದ್ದೇವೆ, ಉಳಿದದ್ದು ಶಾಲೆಯವರ ಕೆಲಸ" ಎಂಬುದು ಮನೆಗಳಲ್ಲಿ ಕೇಳಿಬರುವ ಮಾತು. ಇಬ್ಬರ ನಡುವೆ ಮಗು ಒಂಟಿಯಾಗುತ್ತದೆ. ಹೊಡೆತವು ಮಗುವನ್ನು ನೋಯಿಸುತ್ತಿತ್ತು. ಉದಾಸೀನವು ಅದನ್ನು ಲೆಕ್ಕದಿಂದಲೇ ಬಿಡುತ್ತದೆ. ಎರಡನ್ನೂ ಶಿಕ್ಷಣವೆನ್ನಲಾಗದು.

ಹಾಗಾದರೆ ಮಾಡತಕ್ಕದ್ದೇನು? ಹರಿಹರದಿಂದ ಬಂದಿದ್ದ ಒಬ್ಬ ತಾಯಿ ಈ ಪ್ರಶ್ನೆಯನ್ನು ನೇರವಾಗಿಯೇ ಕೇಳಿದರು. ಅಲ್ಲಿಯ ದೊಡ್ಡ ಕಾರ್ಖಾನೆ ಮುಚ್ಚಿದ ಮೇಲೆ ಮನೆಯ ಭಾರವೆಲ್ಲ ಅವರ ಹೊಲಿಗೆ ಯಂತ್ರದ ಮೇಲೆ ಬಿದ್ದಿತ್ತು. "ನಾವು ಓದಿದೋರಲ್ಲ ಮೇಷ್ಟ್ರೇ. ಮಗಳನ್ನ ಏನಂತ ಕೇಳ್ಬೇಕು?" ಎಂದರು. ಎಷ್ಟು ಅಂಕ ಬಂತೆಂದು ಕೇಳುವುದಕ್ಕೆ ಮುನ್ನ, ಇವತ್ತು ಯಾವುದು ತಿಳಿಯಲಿಲ್ಲವೆಂದು ಕೇಳಿರಿ. ಅವಳು ಹೇಳಿದ್ದನ್ನು ನಾಳೆ ನನಗೆ ಹೇಳಿಕಳಿಸಿರಿ, ಎಂದೆ. ಕೆಲವು ದಿನಗಳ ನಂತರ ಆ ಬಾಲಕಿಯ ಪುಸ್ತಕದಲ್ಲಿ ಒಂದು ಚೀಟಿ ಬಂದಿತು: ಒತ್ತಕ್ಷರಗಳು ತಪ್ಪುತ್ತವೆ, ಕೇಳಲು ಭಯ. ನಾನು ಅವಳಿಗೆ ಐದು ತಿಂಗಳಿಂದ ಪಾಠ ಹೇಳುತ್ತಿದ್ದೆ. ನನಗೆ ತಿಳಿಯದ್ದು ಓದು ಬಾರದ ತಾಯಿಗೆ ತಿಳಿದಿತ್ತು. ಒಲೆಯ ಮುಂದೆ ಕುಳಿತು ಮಗಳ ಮಾತನ್ನು ಕೇಳಲು ಅಕ್ಷರಜ್ಞಾನ ಬೇಕಿಲ್ಲವಷ್ಟೆ.

ಪ್ರಶ್ನೆಯನ್ನು ಗೌರವಿಸುವುದು ಶರಣ ಪರಂಪರೆಗೆ ಹೊಸದಲ್ಲ. ಹನ್ನೆರಡನೆಯ ಶತಮಾನದ ಶರಣರ ಗೋಷ್ಠಿಯನ್ನು ಚಿತ್ರಿಸುವ 'ಶೂನ್ಯಸಂಪಾದನೆ'ಯು ಸಂವಾದ ರೂಪದಲ್ಲಿಯೇ ಇದೆ. ಅಲ್ಲಿ ಅಲ್ಲಮಪ್ರಭುವು ಅಕ್ಕಮಹಾದೇವಿಯನ್ನು ಕಠಿಣವಾದ ಪ್ರಶ್ನೆಗಳಿಂದ ಪರೀಕ್ಷಿಸುತ್ತಾನೆ. ಆಕೆ ಅಂಜದೆ ಉತ್ತರಿಸುತ್ತಾಳೆ; ಆತನು ಆ ಉತ್ತರವನ್ನು ಪೂರ್ತಿಯಾಗಿ ಕೇಳಿ, ಆಕೆಯ ಹಿರಿಮೆಯನ್ನು ಒಪ್ಪುತ್ತಾನೆ. ಪ್ರಶ್ನೆ ನಿಷ್ಠುರವಾಗಿರಬಹುದು. ಆದರೆ ಉತ್ತರ ಕೇಳುವ ತಾಳ್ಮೆ ಕೇಳಿದವನಿಗೆ ಇರಲೇಬೇಕು. ಶಿಸ್ತೆಂಬುದು ಇದೇ. ಹುಡುಗನ ತಪ್ಪನ್ನು ತಪ್ಪೆಂದು ಹೇಳುವುದನ್ನು ಯಾವ ಕಾಯಿದೆಯೂ ತಡೆದಿಲ್ಲ.

ಮಾತಾಪಿತೃಗಳಲ್ಲಿಯೂ ಉಪಾಧ್ಯಾಯ ಬಂಧುಗಳಲ್ಲಿಯೂ ನನ್ನ ವಿನಂತಿ ಇಷ್ಟೇ. ತಡವಾಗಿ ಬಂದ ಮಗುವನ್ನು, ಪಾಠ ಒಪ್ಪಿಸದ ಮಗುವನ್ನು, ಮಾತು ನಿಲ್ಲಿಸಿದ ಮಗುವನ್ನು ಮೊದಲು ಏಕೆಂದು ಕೇಳಿರಿ. ಮನೆಯಲ್ಲಿ ಕೇಳಿದ ಉತ್ತರ ಶಾಲೆಗೆ ಮುಟ್ಟಲಿ. ಶಾಲೆಯಲ್ಲಿ ಕಂಡದ್ದು ಮನೆಗೆ ಮುಟ್ಟಲಿ. ಅಂದು ನನ್ನ ಮುಂದೆ ಚಾಚಿದ್ದ ಆ ಎರಡನೆಯ ಕೈಗೆ ಇಂದಿಗೂ ನಾನು ಉತ್ತರ ಕೊಡಬೇಕಾಗಿದೆ. ಅಂತಹ ಋಣವು ಶ್ರೀಮಠದ ಈ ವಿದ್ಯಾಲಯದಲ್ಲಿ ಇನ್ನಾರ ಹೆಗಲಿಗೂ ಬಾರದಿರಲಿ.