ನಾರ್ಥಾಂಪ್ಟನ್ನಿನ ಪುಟ್ಟ ರೈಲುಗಳು

ಮಾದರಿ ರೈಲನ್ನು ಮಕ್ಕಳ ಆಟಿಕೆಯೆಂದು ಕಡೆಗಣಿಸುವುದು ವಾಡಿಕೆ. ಆದರೆ ನಿಜವಾದ ಎಂಜಿನಿನ ಅಳತೆಗಳನ್ನೆಲ್ಲ ಒಂದೇ ಪ್ರಮಾಣದಲ್ಲಿ ಕುಗ್ಗಿಸಿ, ಅದರ ಸ್ವರೂಪ ಕೆಡದಂತೆ ನಿರ್ಮಿಸುವುದು ತಗಡಿಗೆ ಬಣ್ಣ ಬಳಿಯುವಷ್ಟು ಸುಲಭವಲ್ಲ. ಈ ಅಂತರವನ್ನು ಬ್ರಿಟನ್ನಿನ ಗಿರಾಕಿಗಳಿಗೆ ಮನಗಾಣಿಸಿದವರಲ್ಲಿ ನಾರ್ಥಾಂಪ್ಟನ್ ಪಟ್ಟಣದ ವೆನ್‌ಮನ್ ಜೋಸೆಫ್ ಬ್ಯಾಸೆಟ್-ಲೋಕ್ ಅಗ್ರಗಣ್ಯರು.

1877ರಲ್ಲಿ ಬಾಯ್ಲರ್ ತಯಾರಕರ ಮನೆತನದಲ್ಲಿ ಜನಿಸಿದ ಇವರು, ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಹ್ಯಾರಿ ಫ್ರ್ಯಾಂಕ್ಲಿನ್ ಎಂಬ ಮಿತ್ರನೊಡಗೂಡಿ ಮಾದರಿ ಎಂಜಿನುಗಳ ಬಿಡಿಭಾಗಗಳನ್ನು ಅಂಚೆಯ ಮೂಲಕ ಮಾರತೊಡಗಿದರು. 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಜರ್ಮನಿಯ ನ್ಯೂರೆಂಬರ್ಗ್ ನಗರದ ಬಿಂಗ್ ಕಾರ್ಖಾನೆಯ ಕುಸುರಿಕೆಲಸ ಅವರ ಕಣ್ಸೆಳೆಯಿತು. ಕೈಚಳಕವೇನೋ ಅಸಾಧಾರಣವಾಗಿತ್ತು, ಆದರೆ ಅಂದಿನ ಜರ್ಮನ್ ಆಟಿಕೆಗಳಲ್ಲಿ ಬ್ರಿಟಿಷ್ ಬಾಲಕನು ತನ್ನ ಊರಿನ ನಿಲ್ದಾಣದಲ್ಲಿ ಕಂಡ ಎಂಜಿನನ್ನು ಗುರುತಿಸುವುದು ಕಷ್ಟವಾಗಿತ್ತು. ಬ್ಯಾಸೆಟ್-ಲೋಕ್ ಬರಿದೇ ಸರಕು ತರಿಸುವ ವರ್ತಕರಾಗಿ ಉಳಿಯಲಿಲ್ಲ. ಬ್ರಿಟಿಷ್ ರೈಲ್ವೆಗಳ ಎಂಜಿನುಗಳನ್ನೇ ಹೋಲುವಂತೆ ನ್ಯೂರೆಂಬರ್ಗಿನಲ್ಲಿ ಮಾಡಿಸಿದರು. ಲಂಡನ್ ಅಂಡ್ ನಾರ್ತ್ ವೆಸ್ಟರ್ನ್ ರೈಲ್ವೆಯ ‘ಬ್ಲ್ಯಾಕ್ ಪ್ರಿನ್ಸ್’ ಎಂಜಿನಿನ ಮಾದರಿ ಹೀಗೆ ಜನ್ಮ ತಳೆಯಿತು. ಹೆನ್ರಿ ಗ್ರೀನ್ಲಿ ಎಂಬ ಎಂಜಿನಿಯರರ ವಿನ್ಯಾಸಗಳು ಸಂಸ್ಥೆಯ ಕೀರ್ತಿಗೆ ಬೆನ್ನೆಲುಬಾದವು. ನಾರ್ಥಾಂಪ್ಟನ್ನಿನಲ್ಲಿಯೇ ವಿಂಟರಿಂಗ್‌ಹ್ಯಾಂ ಎಂಬ ಸಹೋದರ ಕಾರ್ಖಾನೆಯೂ ತಲೆಯೆತ್ತಿತು.

1914ರಲ್ಲಿ ಮಹಾಯುದ್ಧ ಆರಂಭವಾಯಿತು. ಜರ್ಮನಿಯ ಸರಕು ಬರುವುದು ನಿಂತಿತು. ಪರದೇಶದ ಒಂದೇ ನಗರವನ್ನು ಇಷ್ಟೊಂದು ನೆಚ್ಚಿಕೊಂಡ ವ್ಯಾಪಾರಕ್ಕೆ ಇದು ಮಾರಕವಾಗಬೇಕಿತ್ತು. ಆದರೆ ನಾರ್ಥಾಂಪ್ಟನ್ನಿನ ಕುಶಲಕರ್ಮಿಗಳು ಯುದ್ಧೋದ್ಯಮಕ್ಕೆ ಬೇಕಾದ ಸೂಕ್ಷ್ಮ ಅಳತೆಗೋಲುಗಳ ತಯಾರಿಕೆಗೆ ತೊಡಗಿದರು. ಇದೇ ಕಾಲದಲ್ಲಿ, 1916-17ರಲ್ಲಿ, ಬ್ಯಾಸೆಟ್-ಲೋಕ್ ತಮ್ಮ ಡರ್ನ್‌ಗೇಟ್ ಮನೆಯನ್ನು ವಾಸ್ತುಶಿಲ್ಪಿ ಚಾರ್ಲ್ಸ್ ರೆನಿ ಮ್ಯಾಕಿಂಟಾಷರಿಂದ ನವೀಕರಿಸಿಕೊಂಡರೆಂಬುದು ಪ್ರಾಸಂಗಿಕವಾಗಿ ಹೇಳತಕ್ಕ ಮಾತು. ಅವರ ಅಭಿರುಚಿ ಎಂಜಿನುಗಳಿಗಷ್ಟೇ ಸೀಮಿತವಾಗಿರಲಿಲ್ಲ.

ಯುದ್ಧಾನಂತರ ಹಳೆಯ ನಂಟು ಮತ್ತೆ ಕುದುರಿತು. 1922ರಲ್ಲಿ ಬಿಂಗ್ ಕಾರ್ಖಾನೆಯ, ಊಟದ ಮೇಜಿನ ಮೇಲೆಯೇ ಹಾಸಬಹುದಾದ ಪುಟ್ಟ ರೈಲುಮಾರ್ಗವನ್ನು ಬ್ಯಾಸೆಟ್-ಲೋಕ್ ಬ್ರಿಟನ್ನಿನಲ್ಲಿ ಮಾರಾಟಕ್ಕಿಟ್ಟರು. ಮುಂದೆ ಬಿಂಗ್ ಸಂಸ್ಥೆ ಕುಸಿಯಿತು. ಅದಕ್ಕೆ ಮೊದಲೇ ಹೊರಬಂದಿದ್ದ ಸ್ಟೀಫನ್ ಬಿಂಗ್ ನ್ಯೂರೆಂಬರ್ಗಿನಲ್ಲಿ ಟ್ರಿಕ್ಸ್ ಉದ್ಯಮವನ್ನು ಬೆಳೆಸಿದ್ದರು. 1935ರಲ್ಲಿ ಬಂದ ಟ್ರಿಕ್ಸ್ ವ್ಯವಸ್ಥೆಯಲ್ಲಿ ಒಂದೇ ಹಳಿಯ ಮೇಲೆ ಎರಡು ವಿದ್ಯುತ್ ರೈಲುಗಳನ್ನು ಬೇರೆಬೇರೆಯಾಗಿ ನಡೆಸಬಹುದಾಗಿತ್ತು. ಅದರ ಬ್ರಿಟಿಷ್ ಆವೃತ್ತಿ ನಾರ್ಥಾಂಪ್ಟನ್ನಿನಲ್ಲಿಯೇ ತಯಾರಾಯಿತು. 1938ರಲ್ಲಿ ಯಹೂದಿಯಾದ ಸ್ಟೀಫನ್ ಬಿಂಗ್ ನಾತ್ಸಿಗಳ ಒತ್ತಡಕ್ಕೆ ಸಿಕ್ಕಿ ಉದ್ಯಮವನ್ನು ಬಿಟ್ಟುಕೊಟ್ಟು ಇಂಗ್ಲೆಂಡಿಗೆ ಬರಬೇಕಾಯಿತು. ಒಂದು ಕಾಲಕ್ಕೆ ಯಾರ ಕಾರ್ಖಾನೆಯಿಂದ ಸರಕು ಬರುತ್ತಿತ್ತೋ, ಅವರೇ ನಿರಾಶ್ರಿತರಾಗಿ ಬಂದರು.

ಎರಡನೆಯ ಮಹಾಯುದ್ಧದಲ್ಲಿ ಸಂಸ್ಥೆಯು ಸೈನ್ಯದ ತರಬೇತಿಗಾಗಿ ಮಾದರಿಗಳನ್ನು ನಿರ್ಮಿಸಿತು. ಬೈಲಿ ಸೇತುವೆ, ಮಲ್ಬರಿ ಬಂದರುಗಳ ಪ್ರತಿಕೃತಿಗಳೂ ಅವುಗಳಲ್ಲಿದ್ದವು. 1953ರಲ್ಲಿ ಬ್ಯಾಸೆಟ್-ಲೋಕ್ ಕಾಲವಾದರು. 1960ರ ದಶಕದಲ್ಲಿ ಅಂಗಡಿ ವ್ಯಾಪಾರ ಕೊನೆಗೊಂಡಿತು. ಹೆಸರು ಮಾತ್ರ ಕೈಯಿಂದ ಕೈಗೆ ಸಾಗಿ, 1996ರಲ್ಲಿ ಕಾರ್ಗಿ ಸಂಸ್ಥೆಗೂ, 2008ರಲ್ಲಿ ಹಳೆಯ ಪ್ರತಿಸ್ಪರ್ಧಿಯಾದ ಹಾರ್ನ್‌ಬಿಯ ಹೆಸರು ಹೊತ್ತ ಕಂಪನಿಗೂ ಸೇರಿತು.