ಪರೀಕ್ಷೆಯಿಂದಲೇ ಬಲ ಪಡೆದ ಲೋಹ

ಪದಾರ್ಥಗಳ ಪರೀಕ್ಷೆ ಎಂದೊಡನೆ, ತಂತಿಯೊಂದಕ್ಕೆ ತುಂಡಾಗುವವರೆಗೆ ಭಾರ ತೂಗುಹಾಕಿ ಅದರ ಬಲವನ್ನು ಅಳೆಯುವ ಪ್ರಯೋಗವೇ ನಮಗೆ ನೆನಪಾಗುವುದು. ಪ್ರೌಢಶಾಲೆಗಳಲ್ಲಿ ನಾವು ಕಲಿಸುವುದೂ ಪ್ರಾಯಶಃ ಅಷ್ಟನ್ನೇ. ಆದರೆ ದೊಡ್ಡ ಭಾರವನ್ನು ಒಮ್ಮೆ ತಾಳಿದ ವಸ್ತುವು ಅದಕ್ಕಿಂತ ಚಿಕ್ಕ ಭಾರವನ್ನು ಸಾವಿರಾರು ಬಾರಿ ತಾಳೀತೆಂಬ ಭರವಸೆಯಿಲ್ಲ. ತಗಡಿನ ಪಟ್ಟಿಯು ಕೈಯಿಂದ ಎಳೆದರೆ ಹರಿಯದು. ಹಿಂದಕ್ಕೂ ಮುಂದಕ್ಕೂ ಹಲವು ಸಲ ಬಾಗಿಸಿದರೆ ತುಂಡಾಗುತ್ತದೆ. ಇದನ್ನೇ ಲೋಹದ ದಣಿವು ಎನ್ನುವರು. ಈ ವಿಷಯದಲ್ಲಿ ಬ್ರಿಟನ್ನಿನ ಕಾಮೆಟ್ ವಿಮಾನದ ಇತಿಹಾಸವು ಅಧ್ಯಯನಯೋಗ್ಯವಾಗಿದೆ.

ಡಿ ಹ್ಯಾವಿಲೆಂಡ್ ಸಂಸ್ಥೆಯು ನಿರ್ಮಿಸಿದ ಈ ಜೆಟ್ ವಿಮಾನವು 1952ರ ಮೇ 2ರಂದು ಲಂಡನ್ನಿನಿಂದ ಜೊಹಾನ್ಸ್‌ಬರ್ಗಿಗೆ ಪ್ರಯಾಣಿಕರ ಸೇವೆಯನ್ನು ಆರಂಭಿಸಿತು. ಬಹು ಎತ್ತರದಲ್ಲಿ ಗಾಳಿ ವಿರಳವಾದುದರಿಂದ ಒಳಗಡೆ ಒತ್ತಡವನ್ನು ತುಂಬಬೇಕು. ಹೀಗಾಗಿ ಪ್ರತಿ ಹಾರಾಟದಲ್ಲಿಯೂ ವಿಮಾನದ ಒಡಲು ಒಮ್ಮೆ ಉಬ್ಬಿ ಮತ್ತೆ ಸಡಿಲಗೊಳ್ಳುತ್ತದೆ. 1954ರ ಜನವರಿ 10ರಂದು ರೋಮಿನಿಂದ ಹೊರಟ ಒಂದು ಕಾಮೆಟ್ ಎಲ್ಬಾ ದ್ವೀಪದ ಬಳಿ ಆಕಾಶದಲ್ಲಿಯೇ ಒಡೆದು 35 ಜನರು ಮಡಿದರು. ಅನೇಕ ಮಾರ್ಪಾಟುಗಳ ತರುವಾಯ ಸೇವೆ ಪುನರಾರಂಭವಾಯಿತು. ಏಪ್ರಿಲ್ 8ರಂದು ಮತ್ತೊಂದು ಕಾಮೆಟ್ ನೇಪಲ್ಸ್ ಬಳಿಯ ಸಮುದ್ರಕ್ಕೆ ಬಿದ್ದು 21 ಜನರು ಅಸುನೀಗಿದರು.

ಫಾರ್ನ್‌ಬರೋದಲ್ಲಿ ಆರ್ನಲ್ಡ್ ಹಾಲ್ ಅವರ ನೇತೃತ್ವದ ವಿಜ್ಞಾನಿಗಳು ಇಡೀ ವಿಮಾನದ ಒಡಲನ್ನೇ ನೀರಿನ ತೊಟ್ಟಿಯಲ್ಲಿ ಮುಳುಗಿಸಿ, ಒಳಗೂ ನೀರು ತುಂಬಿ, ಒತ್ತಡವನ್ನು ಏರಿಸುತ್ತ ಇಳಿಸುತ್ತ ಹೋದರು. ಗಾಳಿಯನ್ನು ತುಂಬಿದ್ದರೆ ಒಡಲು ಬಾಂಬಿನಂತೆ ಸಿಡಿದು ಸಾಕ್ಷ್ಯವೆಲ್ಲ ಚೂರಾಗುತ್ತಿತ್ತು; ನೀರು ಹೆಚ್ಚು ಕುಗ್ಗದ ದ್ರವವಾದುದರಿಂದ ಬಿರುಕು ಬಿಟ್ಟೊಡನೆ ಒತ್ತಡ ಇಳಿದುಬಿಡುತ್ತದೆ. ಈ ಉಪಾಯದ ಸರಳತೆ ನಿಜಕ್ಕೂ ಮೆಚ್ಚತಕ್ಕದ್ದು. ಮೊದಲೇ 1,221 ಹಾರಾಟ ಮುಗಿಸಿದ್ದ ಆ ಒಡಲು, ತೊಟ್ಟಿಯಲ್ಲಿ ಇನ್ನೂ 1,836 ಆವರ್ತನಗಳ ತರುವಾಯ ಕಿಟಕಿಯ ಮೂಲೆಯಿಂದ ಸೀಳಿತು.

ಆದರೆ ನಿರ್ಮಾಪಕರು ಪರೀಕ್ಷಿಸದೆ ಬಿಟ್ಟಿರಲಿಲ್ಲ. ಅವರ ಮಾದರಿಯ ಒಡಲು ಸುಮಾರು 18,000 ಆವರ್ತನಗಳನ್ನು ತಾಳಿತ್ತು! ಈ ಅಂತರಕ್ಕೆ ಕಾರಣವೇನು?

ಅದೇ ಮಾದರಿಯ ಮೇಲೆ ಅವರು ಮೊದಲು, ಬಲ ನೋಡಲೆಂದು, ಹಾರಾಟದಲ್ಲಿ ಬರುವುದರ ಎರಡರಷ್ಟು ಒತ್ತಡವನ್ನು ಹೇರಿದ್ದರು. ಕಿಟಕಿಯ ಮೂಲೆಗಳಲ್ಲಿ ಎಳೆತವು ಸುತ್ತಲಿನ ಭಾಗಕ್ಕಿಂತ ಬಹಳ ಅಧಿಕ. ಆ ಅಧಿಕ ಒತ್ತಡಕ್ಕೆ ಅಲ್ಲಿಯ ಲೋಹವು ಕಿಂಚಿತ್ ಶಾಶ್ವತವಾಗಿ ಹಿಗ್ಗಿತು. ಒತ್ತಡ ಇಳಿದಾಗ, ಹಿಗ್ಗದೆ ಉಳಿದಿದ್ದ ಸುತ್ತಲಿನ ಲೋಹವು ತನ್ನ ಮೊದಲಿನ ಅಳತೆಗೆ ಮರಳುತ್ತ ಆ ಮೂಲೆಯನ್ನು ಅದುಮಿ ಹಿಡಿಯಿತು. ಮುಂದೆ ಬಂದ ಪ್ರತಿ ಎಳೆತವೂ ಮೊದಲು ಆ ಅದುಮುವಿಕೆಯನ್ನು ಕಳೆಯಬೇಕಾಗಿತ್ತು. ಉಳಿದದ್ದಷ್ಟೇ ಲೋಹವನ್ನು ದಣಿಸುತ್ತಿತ್ತು. ಅಂದರೆ ಬಲವನ್ನು ಅಳೆಯಲು ಮಾಡಿದ ಪರೀಕ್ಷೆಯೇ ಆ ಮಾದರಿಗೆ ದೀರ್ಘಾಯುಷ್ಯವನ್ನು ದಯಪಾಲಿಸಿತ್ತು. ಪ್ರಯಾಣಿಕರನ್ನು ಹೊತ್ತ ವಿಮಾನಗಳಿಗೆ ಅಂತಹ ಅಧಿಕ ಒತ್ತಡದ ಸಂಸ್ಕಾರ ದೊರೆತಿರಲಿಲ್ಲ. ಎಲ್ಬಾ ಬಳಿ ಒಡೆದ ವಿಮಾನವು ಪೂರೈಸಿದ್ದು ಕೇವಲ 1,290 ಹಾರಾಟಗಳನ್ನು.

ಮಾದರಿಯು ಬಳಕೆಯ ವಸ್ತುವಿನಂತೆಯೇ ಇದೆಯೇ, ಅದರ ಪೂರ್ವಚರಿತ್ರೆ ಏನು ಎಂಬ ಪ್ರಶ್ನೆಯನ್ನು ನಮ್ಮ ವಿದ್ಯಾರ್ಥಿಗಳ ಪ್ರಯೋಗದ ಪುಸ್ತಕಗಳಲ್ಲಿ ನಾವು ಕೇಳುವುದು ಅಪರೂಪ. ವಿಮಾನ ನಿರ್ಮಾಣದಲ್ಲಿ ಇಂದು ಬಲಪರೀಕ್ಷೆಗೆ ಒಂದು ಒಡಲನ್ನೂ ದಣಿವಿನ ಪರೀಕ್ಷೆಗೆ ಬೇರೆಯೇ ಒಂದು ಒಡಲನ್ನೂ ಮೀಸಲಿಡುವುದು ರೂಢಿಯಾಗಿದೆ. ಗಟ್ಟಿಗೊಳಿಸಿ ಪುನಃ ರೂಪಿಸಿದ ಕಾಮೆಟ್ 1958ರ ಅಕ್ಟೋಬರ್ 4ರಂದು ಪ್ರಯಾಣಿಕರೊಡನೆ ಅಟ್ಲಾಂಟಿಕ್ ಸಾಗರವನ್ನು ದಾಟಿತು.