ರಾಜನ ಮಗಳ ಪಾಲು

ರಾಜ ರಾಣಿಯರ ಕಥೆ ನಾವೆಲ್ಲ ಕೇಳಿದ್ದೇವೆ. ಈಗಲೂ ಕೆಲವು ದೇಶಗಳಲ್ಲಿ ದೊರೆಗಳಿದ್ದಾರೆ. ಸ್ವೀಡನ್‌ನಲ್ಲಿ ರಾಜ. ಜಪಾನಿನಲ್ಲಿ ಚಕ್ರವರ್ತಿ. ಓಮನ್‌ನಲ್ಲಿ ಸುಲ್ತಾನ. ಹೆಸರು ಬೇರೆ, ಅಧಿಕಾರವೂ ಬೇರೆ. ಓಮನ್‌ನಲ್ಲಿ ಸುಲ್ತಾನರೇ ಆಳುತ್ತಾರೆ. ಸ್ವೀಡನ್, ಜಪಾನಿನಲ್ಲಿ ಜನ ಆರಿಸಿದವರು ಆಳುತ್ತಾರೆ. ಅಲ್ಲಿ ದೊರೆಗೆ ಗೌರವ ಮಾತ್ರ.

ದೊರೆಯ ನಂತರ ಪಟ್ಟ ಯಾರಿಗೆ?

ಸ್ವೀಡನ್ ರಾಜನಿಗೆ 1977ರಲ್ಲಿ ಮಗಳು ಹುಟ್ಟಿದಳು. ಹೆಸರು ವಿಕ್ಟೋರಿಯಾ. 1979ರಲ್ಲಿ ತಮ್ಮ ಹುಟ್ಟಿದ. ಹುಟ್ಟಿದ ಕೂಡಲೇ ಅವನೇ ಯುವರಾಜ! ಅಕ್ಕ ಲೆಕ್ಕಕ್ಕೇ ಇಲ್ಲ. ಆಮೇಲೆ ಕಾನೂನು ಬದಲಾಯಿತು. 1980ರಿಂದ ಮೊದಲು ಹುಟ್ಟಿದ ಮಗುವಿಗೇ ಪಟ್ಟದ ಹಕ್ಕು. ಗಂಡಾಗಲಿ, ಹೆಣ್ಣಾಗಲಿ. ವಿಕ್ಟೋರಿಯಾ ಯುವರಾಣಿಯಾದಳು.

ಜಪಾನಿನ ಚಕ್ರವರ್ತಿಗೆ ಒಬ್ಬಳೇ ಮಗಳು. ಆದರೂ ಅವಳಿಗೆ ಪಟ್ಟವಿಲ್ಲ. ಅಲ್ಲಿನ ಕಾನೂನಿನಲ್ಲಿ ಪಟ್ಟ ಗಂಡಸರಿಗೆ ಮಾತ್ರ.

ನಮ್ಮ ಮನೆಯಲ್ಲಿ ಸಿಂಹಾಸನ ಇಲ್ಲ. ಹೊಲ ಇದೆ, ಮನೆ ಇದೆ. 2005ರ ಕಾನೂನಿನಂತೆ ಹಿಂದೂ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಪಾಲು. ಆದರೂ "ಇಲ್ಲೊಂದು ಸಹಿ ಹಾಕಮ್ಮ" ಅಂತಾರೆ. ಅದು ಹಕ್ಕು ಬಿಡುಗಡೆ ಪತ್ರ ಇದ್ದೀತು. ಸಹಿ ಬಿತ್ತೋ, ಪಾಲು ಹೋಯಿತು.

ಅಕ್ಕಾ, ಈಗ ನಮಗೆ ಓದು ಬರುತ್ತೆ. ಮೊದಲು ಓದೋಣ. ತಿಳಿಯದಿದ್ದರೆ ಕೇಳೋಣ. ಸಹಿಯ ಮಾತು ಆಮೇಲೆ.

ಪದದ ಅರ್ಥ
ಪಿತ್ರಾರ್ಜಿತ: ಹಿರಿಯರಿಂದ ಬಂದದ್ದು

ಉತ್ತರ ಹೇಳಿ
1. ವಿಕ್ಟೋರಿಯಾ ಯುವರಾಣಿ ಆದದ್ದು ಹೇಗೆ?
2. ಜಪಾನಿನಲ್ಲಿ ಪಟ್ಟ ಯಾರಿಗೆ?
3. ಸಹಿ ಹಾಕುವ ಮೊದಲು ಏನು ಮಾಡಬೇಕು?